14 ಹೋಗಿ 1 ಆದಾಗ: ಬೈಲಾ ಟೈಪ್ ಮಾಡುತ್ತಾ ನಾನು ಕಲಿತದ್ದು

ಉಡುಪಿಯ ಕೋರ್ಟ್ ರೋಡ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಕ್ರಯಪತ್ರ, ಸಂಘಗಳ ವರದಿ, ಬೈಲಾ, ಎಲ್ಲವೂ ಬರುತ್ತದೆ. ಇವುಗಳಲ್ಲಿ ನನಗೆ ಜಾಸ್ತಿ ಪಾಠ ಕಲಿಸಿದ್ದು ಬೈಲಾ, ಅಂದರೆ ಸಂಘದ ನಿಯಮಾವಳಿ. ಅದರ ಒಂದೊಂದು ನಿಯಮವೂ ಒಂದು ಉಪವಿಧಿ.

ಒಂದು ಸಹಕಾರಿ ಸಂಘದ ಕಾರ್ಯದರ್ಶಿಯವರು ಬೈಲಾ ತಿದ್ದುಪಡಿಯ ಕೆಲಸ ತಂದಿದ್ದರು. ಮಹಾಸಭೆಯ ನೋಟಿಸಿನ ಜೊತೆ ಹೋಗುವ ಮೂರು ಕಾಲಮ್ಮಿನ ಪಟ್ಟಿ ಅದು. ಈಗ ಇರುವ ಉಪವಿಧಿ, ತಿದ್ದುಪಡಿ ಆದ ಮೇಲಿನ ಉಪವಿಧಿ, ತಿದ್ದುಪಡಿಗೆ ಕಾರಣ. ಸಂಘದ ಪೂರ್ತಿ ಬೈಲಾ ನಾನೇ ಹಿಂದೆ ವರ್ಡ್‌ನಲ್ಲಿ ಟೈಪ್ ಮಾಡಿ ಇಟ್ಟಿದ್ದೆ. 14ನೇ ಉಪವಿಧಿಯನ್ನು ಅಲ್ಲಿಂದ ಕಾಪಿ ಮಾಡಿ ಪಟ್ಟಿಯ ಮೊದಲ ಕಾಲಮ್ಮಿಗೆ ಹಾಕಿದೆ. ಒಕ್ಕಣೆ ಎರಡು ಸಲ ಓದಿದೆ, ಅಂಕಿ ನೋಡಲಿಲ್ಲ. 200 ಪ್ರತಿ ಪ್ರಿಂಟ್ ಆಯಿತು.

ಮರುದಿನ ಬೆಳಿಗ್ಗೆ ಅವರು ಕಾಗದ ಹಿಡಿದುಕೊಂಡೇ ಬಂದರು. "ಎಂತ ಮಾರಾಯ್ರೆ ಇದು? ಒಂದನೇ ಉಪವಿಧಿ ಅಂದ್ರೆ ನಮ್ಮ ಸಂಘದ ಹೆಸರು, ವಿಳಾಸ. ಅದನ್ನು ತಿದ್ದಲಿಕ್ಕೆ ಯಾರು ಹೇಳಿದ್ದು?"

ನೋಡಿದರೆ 14 ಇದ್ದ ಜಾಗದಲ್ಲಿ 1 ಕೂತಿದೆ. ಒಳಗಿನ ಒಂದಕ್ಷರವೂ ಬದಲಾಗಿಲ್ಲ. ಎಲ್ಲ ಪ್ರತಿ ಮತ್ತೆ ಪ್ರಿಂಟ್ ಮಾಡಿಕೊಟ್ಟೆ. ಆದರೆ ಇದು ಯಾಕೆ ಆಯಿತು ಅನ್ನುವುದು ತಲೆಯಿಂದ ಹೋಗಲೇ ಇಲ್ಲ.

ಅಕ್ಕನ ಮಗ ಆಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಭಾನುವಾರ ಮನೆಗೆ ಬಂದಾಗ ಅವನಿಗೆ ಫೈಲ್ ತೋರಿಸಿದೆ. "ಚಿಕ್ಕಮ್ಮ, ನೀವು ನೋಡಿದ 14 ಈ ಫೈಲಿನಲ್ಲಿ ಇಲ್ಲವೇ ಇಲ್ಲ" ಅಂದ. ಅದರ ಒಂದು ಪ್ರತಿ ಮಾಡಿ, ಹೆಸರಿನ ಕೊನೆಯ ಡಾಕ್ಸ್ ತೆಗೆದು ಜಿಪ್ ಅಂತ ಹಾಕಿದ. ತೆರೆದರೆ ಒಳಗೆ ಒಂದಷ್ಟು ಫೋಲ್ಡರ್, ಸಣ್ಣ ಸಣ್ಣ ಫೈಲ್. ಬರಹ ಇರುವ ಫೈಲಿನಲ್ಲಿ ನನ್ನ ಉಪವಿಧಿಯ ಸಾಲು ಸಿಕ್ಕಿತು. ಅದರ ಎದುರು 14 ಇರಲಿಲ್ಲ. ಇದ್ದದ್ದು ಒಂದು ಚೀಟಿಯಷ್ಟೆ: ಈ ಪ್ಯಾರಾ ಇಂಥ ಪಟ್ಟಿಗೆ ಸೇರಿದ್ದು, ಇಂಥ ಮಟ್ಟದ್ದು. ಅಂಕಿ ಹೇಗೆ ಕಾಣಬೇಕು, ಮುಂದೆ ಚುಕ್ಕಿಯೋ ಕಂಸವೋ ಅನ್ನುವುದು ನಂಬರಿಂಗ್ ಎಂಬ ಬೇರೆಯೇ ಫೈಲಿನಲ್ಲಿದೆ. ಫೈಲ್ ತೆರೆದಾಗ ವರ್ಡ್ ಮೊದಲಿನಿಂದ ಎಣಿಸುತ್ತಾ ಬಂದು 14 ಎಂದು ತೋರಿಸುತ್ತದೆ. ಹಿಂದಿನ 13 ಇಲ್ಲದ ಕಡೆಗೆ ಒಯ್ದರೆ ಅದು 1 ಆಗುತ್ತದೆ. ಅದರ ಲೆಕ್ಕ ತಪ್ಪಿಲ್ಲ, ಅಲ್ವಾ? ಆದರೆ ನನಗೆ ಬೇಕಾದದ್ದು ಲೆಕ್ಕ ಅಲ್ಲ, ಆ ಉಪವಿಧಿಯ ಹೆಸರು.

ಅವತ್ತಿನಿಂದ ನನಗೆ ಅಂಕಿಯಲ್ಲಿ ಎರಡು ಜಾತಿ ಕಾಣಿಸುತ್ತದೆ. ಮದುವೆಯ ಅಡಿಗೆಯವರು ಬರೆಸುವ ಸಾಮಾನಿನ ಪಟ್ಟಿ ಇದೆಯಲ್ಲ, ಅಕ್ಕಿ, ತೆಂಗಿನಕಾಯಿ, ಬೆಲ್ಲ ಅಂತ, ಅದರಲ್ಲಿ ನಡುವೆ ಮಟ್ಟುಗುಳ್ಳ ಬದನೆ ಸೇರಿಸಿದರೆ ಕೆಳಗಿನದ್ದೆಲ್ಲ ಒಂದೊಂದು ಮುಂದೆ ಹೋಗಲಿ. ಯಾರಿಗೂ ನಷ್ಟವಿಲ್ಲ. ಅಲ್ಲಿ ಎಣಿಸುವ ಕೆಲಸ ಮೆಷಿನ್ ಮಾಡುವುದೇ ಒಳ್ಳೆಯದು.

ಕಾನೂನಿನ ಅಂಕಿ ಹಾಗಲ್ಲ. ನಮ್ಮ ಸಂವಿಧಾನವನ್ನೇ ನೋಡಿ. 2002ರ ತಿದ್ದುಪಡಿಯಲ್ಲಿ ಶಿಕ್ಷಣದ ಹಕ್ಕು ಸೇರಿದಾಗ ಅದಕ್ಕೆ 21ಎ ಎಂದು ಹೆಸರಿಟ್ಟರು. 22ನ್ನು 23 ಮಾಡಲಿಲ್ಲ. ಕಲ್ಯಾಣ ಕರ್ನಾಟಕದ 371ಜೆ ಕೂಡ ಹಾಗೆಯೇ ಬಂದದ್ದು. ಆಸ್ತಿಯ ಹಕ್ಕಿನ 31ನೇ ವಿಧಿಯನ್ನು 1978ರ ತಿದ್ದುಪಡಿಯಲ್ಲಿ ತೆಗೆದರು, ಆ ಅಂಕಿಯನ್ನು ಬೇರೆ ಯಾವುದಕ್ಕೂ ಕೊಡಲಿಲ್ಲ. ಹಳೆಯ ತೀರ್ಪು, ಅರ್ಜಿ, ಪುಸ್ತಕಗಳಲ್ಲಿ ಆ ಅಂಕಿಗಳು ಹಾಗೇ ಕೂತಿವೆ. ಮನೆ ನಂಬರಿನ ಹಾಗೆ. ಪಕ್ಕದಲ್ಲಿ ಹೊಸ ಮನೆ ಬಂತು ಅಂತ ನಮ್ಮ ಮನೆ ನಂಬರ್ ಬದಲಾದರೆ ಅಂಚೆಯವರು ಎಲ್ಲಿ ಹೋಗಬೇಕು?

ಹಾಗಾಗಿ ವರ್ಡ್‌ನಂಥ ಎಡಿಟರ್ ತಂತ್ರಾಂಶ ಮಾಡುವವರಲ್ಲಿ ನನ್ನ ಬೇಡಿಕೆ ಎರಡು. ಅಂಕಿ ಮೆಷಿನ್ನಿನದ್ದೋ ನಾನು ಬರೆದದ್ದೋ ಎಂದು ನೋಡಿದ ಕೂಡಲೇ ಗೊತ್ತಾಗಬೇಕು. ಈಗ ವರ್ಡ್‌ನಲ್ಲಿ ಅಂಕಿಯ ಮೇಲೆ ಕ್ಲಿಕ್ ಮಾಡಿದರೆ ಆ ಮಟ್ಟದ ಅಂಕಿಗಳೆಲ್ಲ ಒಟ್ಟಿಗೆ ಬೂದು ಬಣ್ಣಕ್ಕೆ ತಿರುಗುತ್ತವೆ. ಕ್ಲಿಕ್ ಮಾಡುವ ಮೊದಲು ಎರಡೂ ಒಂದೇ ಥರ ಕಾಣುತ್ತವೆ. ಸುಮ್ನೆ ಟೈಪ್ ಮಾಡುತ್ತಾ 1, ಚುಕ್ಕಿ, ಸ್ಪೇಸ್ ಒತ್ತಿದರೆ ಸಾಕು, ಕೇಳದೆಯೇ ಪಟ್ಟಿ ಆಗಿಬಿಡುತ್ತದೆ. ಆ ಕ್ಷಣದಲ್ಲೇ ಕಂಟ್ರೋಲ್ ಝಡ್ ಒತ್ತಿದರೆ ಪಟ್ಟಿ ಹೋಗಿ ನಾವು ಬರೆದ ಅಂಕಿ ಉಳಿಯುತ್ತದೆ. ಇದು ತುಂಬ ಜನರಿಗೆ ಗೊತ್ತಿಲ್ಲ.

ಎರಡನೆಯದು, ಬೇಕಾದ ಸಾಲಿಗೆ ಅದರದ್ದೇ ಅಂಕಿ ಕಟ್ಟುವ ದಾರಿ ಇರಬೇಕು, ಸಾಲು ಎಲ್ಲಿ ಹೋದರೂ ಅದು ಜೊತೆಗೆ ಹೋಗಬೇಕು. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಇದು ಸ್ವಲ್ಪ ಮಟ್ಟಿಗೆ ಇದೆ. ಪಟ್ಟಿಯ ಸಾಲಿಗೆ ವ್ಯಾಲ್ಯೂ ಅಂತ 14 ಕೊಟ್ಟರೆ ಅದು 14 ಆಗಿಯೇ ಇರುತ್ತದೆ. ಪುಟ ಹೇಗೆ ಕಾಣಬೇಕು ಎಂದು ಹೇಳುವ ಸಿಎಸ್‌ಎಸ್‌ನಲ್ಲಿ ಕನ್ನಡ ಎಂದು ಕೇಳಿದರೆ ೧, ೨, ೩ ಕೂಡ ಬರುತ್ತದೆ, ಅದು ನನಗೆ ತುಂಬ ಖುಷಿ ಕೊಟ್ಟ ವಿಷಯ. ಆದರೆ ಅಲ್ಲೂ ವ್ಯಾಲ್ಯೂ ಅಂದರೆ ಪೂರ್ಣ ಸಂಖ್ಯೆ ಮಾತ್ರ, 14ಎ ಹಾಕಲಿಕ್ಕೆ ಆಗುವುದಿಲ್ಲ.

ಈಗ ನಾನು ಮಾಡುವುದು ಹೀಗೆ. ಹೊಸ ಬೈಲಾ ಕರಡಿನಲ್ಲಿ ಇರುವಾಗ ಅಂಕಿ ಮೆಷಿನ್ನಿಗೇ ಬಿಡುತ್ತೇನೆ. ದಿನಕ್ಕೆ ಹತ್ತು ಸಲ ಮೇಲೆ ಕೆಳಗೆ ಆಗುವಾಗ ಕೈಯಲ್ಲಿ ತಿದ್ದುತ್ತಾ ಕೂರಲು ಸಾಧ್ಯವಿಲ್ಲ. "ಉಪವಿಧಿ 9ರಲ್ಲಿ ಹೇಳಿದಂತೆ" ಎಂಬ ಕಡೆ ಅಂಕಿಯನ್ನು ಕೈಯಲ್ಲಿ ಬರೆಯದೆ, ಆ ಉಪವಿಧಿಗೆ ಕೊಂಡಿ ಹಾಕುವ ಕ್ರಾಸ್ ರೆಫರೆನ್ಸ್ ಹಾಕಿ, ಕೊನೆಗೆ ಎಲ್ಲ ಸೆಲೆಕ್ಟ್ ಮಾಡಿ ಎಫ್9 ಒತ್ತುತ್ತೇನೆ. ಒತ್ತದಿದ್ದರೆ ಹಳೆಯ ಅಂಕಿಯೇ ಉಳಿದುಬಿಡುತ್ತದೆ.

ಬೈಲಾ ನೋಂದಣಿ ಆದ ದಿನ ಅಂಕಿಗಳನ್ನು ಗಟ್ಟಿ ಮಾಡುತ್ತೇನೆ. ಮೊದಲು ಫೈಲಿನ ಪ್ರತಿ ತೆಗೆದಿಡಬೇಕು. ಆಮೇಲೆ ಆಲ್ಟ್ ಎಫ್11, ಕಂಟ್ರೋಲ್ ಜಿ. ಕೆಳಗೆ ಬರುವ ಕಿಟಕಿಯಲ್ಲಿ ಆಕ್ಟಿವ್‌ಡಾಕ್ಯುಮೆಂಟ್, ಚುಕ್ಕಿ, ಕನ್ವರ್ಟ್‌ನಂಬರ್ಸ್‌ಟುಟೆಕ್ಸ್ಟ್ ಎಂದು ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಬರೆದು ಎಂಟರ್ ಒತ್ತಿದರೆ ಎಲ್ಲ ಅಂಕಿಗಳೂ ನಾವೇ ಟೈಪ್ ಮಾಡಿದ ಅಕ್ಷರಗಳಾಗುತ್ತವೆ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಇದಕ್ಕೆ ಮೆನುವಿನಲ್ಲೇ ಜಾಗ ಇದೆ.

ಗಟ್ಟಿ ಆಯಿತೋ ಇಲ್ಲವೋ ಎಂದು ನೋಡಲು ಕಂಟ್ರೋಲ್ ಎಫ್ ಒತ್ತಿ 14, ಚುಕ್ಕಿ ಎಂದು ಹುಡುಕುತ್ತೇನೆ. ಮೆಷಿನ್ ಎಣಿಸಿದ ಅಂಕಿ ಕಣ್ಣೆದುರು ಇದ್ದರೂ ಹುಡುಕಾಟಕ್ಕೆ ಸಿಗುವುದಿಲ್ಲ. ಸಿಕ್ಕಿತು ಅಂದರೆ ಅದು ಬರಹದ್ದೇ. ಮೊನ್ನೆ ಅದೇ ಕಾರ್ಯದರ್ಶಿಯವರು 14ಎ ಸೇರಿಸಲು ಬಂದಿದ್ದರು. ಪಟ್ಟಿ ಮಾಡಿ, ಅವರ ಎದುರಿಗೇ 14, 14ಎ, 15 ಮೂರನ್ನೂ ಹುಡುಕಿ ತೋರಿಸಿ, ಆಮೇಲೆ ಪ್ರಿಂಟ್ ಕೊಟ್ಟೆ.