ಜಿಂಕೆ ಬೇಟೆಗೆ ಬಾಣದ ಶಾಫ್ಟ್ ಆರಿಸುವುದು

ಇದು ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಬೇಟೆಯಾಡುವವರಿಗೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಬೇಟೆಯೇ ಅಪರಾಧ.

ಮೊದಲು ಸ್ಪೈನ್, ಅಂದರೆ ಶಾಫ್ಟ್ (ಬಾಣದ ಕಡ್ಡಿ) ಎಷ್ಟು ಬಾಗುತ್ತದೆ ಎಂಬ ಲೆಕ್ಕ. 28 ಇಂಚು ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವೆ 1.94 ಪೌಂಡ್ ತೂಗುಹಾಕಿದಾಗ 0.400 ಇಂಚು ಬಾಗಿದರೆ ಅದು 400. ಸಂಖ್ಯೆ ಇಳಿದಷ್ಟೂ ಶಾಫ್ಟ್ ಬಿರುಸು. ಬಿಲ್ಲಿನ ಪೌಂಡ್ (ಹೆದೆ ಎಳೆಯಲು ಬೇಕಾದ ಬಲ), ಬಾಣದ ಉದ್ದ, ಮೊನೆಯ ತೂಕ, ಯಾವುದು ಹೆಚ್ಚಿದರೂ ಇನ್ನಷ್ಟು ಬಿರುಸಿನದು ಬೇಕು. 100 ಗ್ರೇನ್ (ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ) ಮೊನೆ ತೆಗೆದು 125 ಹಾಕಿ, ಶಾಫ್ಟ್ ಮಾತ್ರ ಹಳೆಯದೇ ಇಟ್ಟುಕೊಂಡು, ಗುರಿ ತಪ್ಪಿತೆಂದು ಸೈಟ್ (ಬಿಲ್ಲಿನ ಮೇಲೆ ಗುರಿ ನೋಡುವ ಸಾಧನ) ತಿರುಗಿಸುತ್ತ ಕೂತರೆ ಪ್ರಯೋಜನವಿಲ್ಲ. ತಯಾರಕರ ಚಾರ್ಟಿನಲ್ಲಿ ಎರಡು ಸ್ಪೈನ್‌ಗಳ ಗಡಿಯಲ್ಲಿದ್ದರೆ, ಕಾಂಪೌಂಡ್ (ತುದಿಗಳಲ್ಲಿ ರಾಟೆಯಿರುವ) ಬಿಲ್ಲಿಗೆ ಬಿರುಸಿನದನ್ನೇ ಕೊಳ್ಳಿ.

60 ಪೌಂಡ್ ಬಿಲ್ಲಿಗೆ ಬಾಣದ ಒಟ್ಟು ತೂಕ 420 ಗ್ರೇನ್ ಆಸುಪಾಸು ಇರಲಿ: ಇಂಚಿಗೆ 9 ಗ್ರೇನಿನ 28 ಇಂಚು ಶಾಫ್ಟ್ 252, ಮೊನೆ 125, ಇನ್ಸರ್ಟ್ (ಮೊನೆ ಕೂರಿಸುವ ತುಣುಕು), ನಾಕ್ (ಹೆದೆಗೆ ಸಿಕ್ಕಿಸುವ ಹಿಂಬದಿಯ ಕಚ್ಚು), ಗರಿ ಸೇರಿ ಸುಮಾರು 45. ಪೌಂಡಿಗೆ 5 ಗ್ರೇನಿಗಿಂತ ಇಳಿದರೆ ಏಟು ಬೀಳುವುದು ಬಿಲ್ಲಿಗೇ.

ನೇರತೆಯಲ್ಲಿ ವ್ಯತ್ಯಾಸ 0.003 ಇಂಚಿನೊಳಗಿದ್ದರೆ ಸಾಕು, 0.001ಕ್ಕೆ ದುಡ್ಡು ಸುರಿಯಬೇಕಿಲ್ಲ.

ಕಾರ್ಬನ್ ಶಾಫ್ಟನ್ನು ಪ್ರತಿ ಸಲ ಹೂಡುವ ಮುನ್ನ ಮೆಲ್ಲಗೆ ಬಗ್ಗಿಸಿ, ತಿರುಗಿಸಿ, ಕಿವಿಗೊಡಿ. ಚಿಟಚಿಟ ಎಂದರೆ ಮುರಿದು ಎಸೆಯಿರಿ. ಬಿರುಕು ಬಿಟ್ಟದ್ದನ್ನು ಹೂಡಿದರೆ ಸಿಡಿದ ಚೂರುಗಳು ಬಿಲ್ಲು ಹಿಡಿದ ಕೈಗೇ ನಾಟುತ್ತವೆ.