94ರಲ್ಲೇ ನಿಂತ ಸ್ಪೀಡು

ನಮ್ಮ ಮನೆಯ ಇಂಟರ್ನೆಟ್ ಪ್ಲಾನ್ 200 ಎಂಬಿಪಿಎಸ್. ಹೀಗಿದ್ದೂ ಮಹಡಿ ಮೇಲಿನ ನನ್ನ ಕೋಣೆಯಲ್ಲಿ ಮೀಟಿಂಗ್ ಶುರುವಾದರೆ ಎದುರಿನವರ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತು. ಕಸ್ಟಮರ್ ಕೇರ್‌ನಿಂದ ಒಂದೇ ಮಂತ್ರ: "ಸರ್, ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಮೂರನೇ ಸಲ ಆ ಹುಡುಗನ ಮೇಲೆ ರೇಗಿದ್ದೂ ಆಯಿತು.

ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಕೆಳಗಿಳಿದೆ. ಮನೆಯವರ ಮೊಬೈಲುಗಳ ವೈಫೈ ಎಲ್ಲ ಆಫ್ ಮಾಡಿಸಿ, ಹಾಲ್‌ನಲ್ಲಿ ಫೈಬರ್ ಬಂದು ಸೇರುವ ರೂಟರಿಗೆ ನೇರವಾಗಿ ಕೇಬಲ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿದರೆ 197! ಕಂಪನಿಯವರದು ತಪ್ಪಿಲ್ಲ, ರೋಗ ಮನೆಯೊಳಗೇ ಇದೆ.

ಆ ರೂಟರಿನಿಂದ ಗೋಡೆಗುಂಟ ಒಂದು ಕೇಬಲ್ ಮೇಲಿನ ಕೋಣೆಯ ಎರಡನೇ ರೂಟರಿಗೆ ಹೋಗುತ್ತದೆ. ಅದನ್ನೇ ಕಿತ್ತು ಲ್ಯಾಪ್‌ಟಾಪಿಗೆ ಹಾಕಿದೆ: 94. ಮತ್ತೆ 94. ಟೀ ಕುಡಿದು ಬಂದು ನೋಡಿದರೂ 94. ಲೈನಿನಲ್ಲಿ ದಟ್ಟಣೆಯಿದ್ದರೆ ಅಂಕಿ ಏರಿಳಿಯಬೇಕು. ಹೀಗೆ ಗೂಟ ಹೊಡೆದಂತೆ ನಿಂತಿದೆಯೆಂದರೆ ಎಲ್ಲೋ 100ರ ಮಿತಿ ಬಿದ್ದಿದೆ. (100ರ ಲಿಂಕಿನಲ್ಲಿ ಪ್ಯಾಕೆಟ್ ಹೆಡರುಗಳ, ಅಂದರೆ ಡೇಟಾದ ಪ್ರತಿ ತುಣುಕಿಗೂ ಅಂಟಿಸುವ ವಿಳಾಸ ಚೀಟಿಗಳ, ಖರ್ಚು ಕಳೆದು ಕೈಗೆ ಸಿಗುವುದು ಸುಮಾರು ಅಷ್ಟೇ.) ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್, ಅಂದರೆ ಕೇಬಲ್ಲಿನ ಎರಡು ತುದಿಗಳ ನಡುವೆ ಒಪ್ಪಂದವಾದ ವೇಗ, ನೋಡಿದೆ. 1000 ಇರಬೇಕಾದ ಕಡೆ 100.

ಈ ಕೇಬಲ್ಲಿನೊಳಗೆ ಎಂಟು ತಂತಿ. ಗಿಗಾಬಿಟ್‌ಗೆ, ಅಂದರೆ ಆ 1000ಕ್ಕೆ, ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು. ಉಳಿದ ನಾಲ್ಕರಲ್ಲಿ ಒಂದು ಕೈಕೊಟ್ಟರೆ ಸಾಮಾನ್ಯವಾಗಿ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ, ಲೈಟೂ ಉರಿಯುತ್ತಲೇ ಇರುತ್ತದೆ. ತುದಿಯ ಕನೆಕ್ಟರನ್ನು ಬೆಳಕಿಗೆ ಹಿಡಿದರೆ ಕಂದು ತಂತಿ ಪಿನ್ನಿನವರೆಗೆ ಮುಟ್ಟಿಯೇ ಇಲ್ಲ! ಎರಡು ವರ್ಷದ ಹಿಂದೆ ಅದನ್ನು ಕ್ರಿಂಪ್ ಮಾಡಿದವನು, ಅಂದರೆ ತಂತಿಗಳನ್ನು ಕನೆಕ್ಟರಿನೊಳಗೆ ಒತ್ತಿ ಕೂರಿಸಿದವನು, ನಾನೇ. ಹೆಂಡತಿಗೆ ಇದನ್ನು ಹೇಳಲು ಸ್ವಲ್ಪ ಹೊತ್ತು ಹಿಡಿಯಿತು.

ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ. ಮೊದಲ ಸಲ ಬಣ್ಣಗಳ ಕ್ರಮ ತಪ್ಪಿತು, ಎರಡನೇ ಸಲ 1000 ಬಂತು.

ಆದರೆ ಮೀಟಿಂಗಿಗೆ 94 ಕೂಡ ಧಾರಾಳ, ಹಾಗಾಗಿ ಮುಖ ನಿಲ್ಲುವುದಕ್ಕೆ ಕಾರಣ ಬೇರೆಯೇ ಇತ್ತು. ಕೋಣೆಯ ರೂಟರಿಗೇ ಪಿಂಗ್ ಕೊಟ್ಟೆ, ಅಂದರೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿದೆ: ಕೇಬಲ್ಲಿನಲ್ಲಿ 1 ಮಿಲಿಸೆಕೆಂಡ್, ವೈಫೈಯಲ್ಲಿ ಆಗಾಗ 300. ಮೊಬೈಲ್ ಆ್ಯಪ್‌ನಲ್ಲಿ ನೋಡಿದರೆ ಅಕ್ಕಪಕ್ಕದ ಮನೆಗಳೂ ನಾನೂ ವೈಫೈನ 2.4 ಗಿಗಾಹರ್ಟ್ಸ್ ತರಂಗಪಟ್ಟಿಯ 6ನೇ ಚಾನೆಲ್ಲಿನಲ್ಲೇ ಗುಂಪುಗೂಡಿದ್ದೇವೆ. ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿದೆ, ಮುಖಗಳು ಮತ್ತೆ ಅಲ್ಲಾಡಿದವು. ಹಳೇ ಪ್ರಿಂಟರಿಗೆ ಮಾತ್ರ 2.4 ಬಿಟ್ಟರೆ ಗತಿಯಿಲ್ಲ. ಅದಕ್ಕಾಗಿ ಅಲ್ಲಿ 6ರ ಗುಂಪಿನಿಂದ ದೂರವಿರುವ 11ನೇ ಚಾನೆಲ್ ಇಟ್ಟಿದ್ದೇನೆ.