ರಾತ್ರಿ ಬಸ್ಸಿನವರಿಗೆ ಬೆಂಗಳೂರಿನಲ್ಲಿ ರೂಮು: ನಾನು ಹಿಡಿಯುವ ಕ್ರಮ

ಶಿವಮೊಗ್ಗದಿಂದ ರಾತ್ರಿ ಹತ್ತೂವರೆ, ಹನ್ನೊಂದಕ್ಕೆ ಬಸ್ಸು ಹತ್ತಿದರೆ ಬೆಳಗಿನ ಜಾವ ಐದರ ಆಸುಪಾಸಿಗೆ ಮೆಜೆಸ್ಟಿಕ್. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಇನ್ನಷ್ಟು ಮೊದಲೇ ಹೊರಟಿರುತ್ತಾರೆ, ಇಳಿಯುವ ಹೊತ್ತು ಮಾತ್ರ ಹೆಚ್ಚುಕಡಿಮೆ ಅದೇ. ತಾಳಗುಪ್ಪ–ಮೈಸೂರು ರಾತ್ರಿ ರೈಲಿನವರದ್ದೂ ಇದೇ ಕತೆ. ಆಸ್ಪತ್ರೆಯ ಚೀಟಿ, ಹೈಕೋರ್ಟಿನ ಕೆಲಸ, ಮಕ್ಕಳ ಸೀಟಿನ ದಾಖಲೆ ಪರಿಶೀಲನೆ, ಯಾವುದಾದರೂ ಶುರುವಾಗುವುದು ಎಂಟರಿಂದ ಹತ್ತರೊಳಗೆ. ನಡುವಿನ ಮೂರು ನಾಲ್ಕು ಗಂಟೆಗೇ ನಮಗೆ ರೂಮು ತೀರಾ ಬೇಕಾಗಿರುತ್ತದೆ. ಬಹಳಷ್ಟು ಹೋಟೆಲುಗಳು ರೂಮು ಕೊಡುವುದು ಮಧ್ಯಾಹ್ನ ಹನ್ನೆರಡರ ಮೇಲೆ. ಮನೆಯವರಿಗೂ ಊರಿನವರಿಗೂ ರೂಮು ಹಿಡಿದುಕೊಡುವಾಗ ನಾನು ಮೊದಲು ವಿಚಾರಿಸುವುದು ಇದನ್ನೇ: ಆ ಹೋಟೆಲಿನ ದಿನ ಯಾವಾಗ ಶುರುವಾಗುತ್ತದೆ?

ಲೆಕ್ಕ ಎರಡು ಬಗೆ. ಗಾಂಧಿನಗರ, ಸುಬೇದಾರ್ ಛತ್ರಂ ರಸ್ತೆ, ಆನಂದರಾವ್ ಸರ್ಕಲ್ ಸುತ್ತಿನ ಹಳೆಯ ಲಾಡ್ಜುಗಳಲ್ಲಿ 24 ಗಂಟೆಯ ಲೆಕ್ಕ ಇನ್ನೂ ಸಿಗುತ್ತದೆ. ಬೆಳಗ್ಗೆ 5ಕ್ಕೆ ಕೀಲಿ ಕೈಗೆ ಬಂದರೆ ಮರುದಿನ ಬೆಳಗ್ಗೆ 5ರವರೆಗೆ ಒಂದು ದಿನ. ಹೊಸ ಹೋಟೆಲುಗಳಲ್ಲಿ ಮಧ್ಯಾಹ್ನ 12 ಅಥವಾ 2ಕ್ಕೆ ಒಳಗೆ, ಮರುದಿನ 11ಕ್ಕೆ ಹೊರಗೆ. ಬೆಳಗ್ಗೆ ಇಳಿದು, ಕೆಲಸ ಮುಗಿಸಿ, ಅದೇ ರಾತ್ರಿ ಬಸ್ಸಿಗೆ ವಾಪಸ್ಸಾಗುವವರಿಗೆ 24 ಗಂಟೆಯ ರೂಮಿನ ಒಂದು ದಿನದ ಬಾಡಿಗೆಯಲ್ಲಿ ಬೆಳಗಿನ ಸ್ನಾನ, ಮಧ್ಯಾಹ್ನದ ವಿಶ್ರಾಂತಿ, ಸಂಜೆ ಮುಖ ತೊಳೆಯುವುದು ಎಲ್ಲ ಆಗುತ್ತದೆ. ಇನ್ನೊಂದು ಲೆಕ್ಕದಲ್ಲಿ ಇಷ್ಟಕ್ಕೇ ಎರಡು ದಿನದ ಬಾಡಿಗೆ. ಹಾಗಾಗಿ 900 ರೂಪಾಯಿಯ ರೂಮು 1500ರ ರೂಮಿಗಿಂತ ದುಬಾರಿಯಾಗುವುದುಂಟು.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಲಾಡ್ಜಿನ ಕೌಂಟರಿನಲ್ಲಿ 24 ಗಂಟೆ ಎಂದಿದ್ದರೂ ಆ್ಯಪಿನಲ್ಲಿ ಹಿಡಿದವರಿಗೆ ಆ್ಯಪಿನ ಹೊತ್ತೇ ಅನ್ವಯ ಎನ್ನುವವರಿದ್ದಾರೆ. ಆದ್ದರಿಂದ 24 ಗಂಟೆಯ ರೂಮನ್ನು ನಾನು ಫೋನಿನಲ್ಲೇ ಮಾತಾಡಿ ಹಿಡಿಯುತ್ತೇನೆ. ಎರಡನೆಯದು ತಾರೀಖಿನದು. 12ನೇ ತಾರೀಖು ಬೆಳಗ್ಗೆ 5ಕ್ಕೆ ಇಳಿಯುವವರು ಮಧ್ಯಾಹ್ನದ ಲೆಕ್ಕದ ಹೋಟೆಲಿನಲ್ಲಿ 12ಕ್ಕೆ ಬುಕ್ ಮಾಡಿದರೆ ರೂಮು ಸಿಗುವುದು ಆ ಮಧ್ಯಾಹ್ನ. ಬೆಳಗ್ಗೆಯೇ ಬೇಕೆಂದರೆ 11ರ ರಾತ್ರಿಗೆ ಬುಕ್ ಮಾಡಬೇಕು, ಮಾಡಿ ಸುಮ್ಮನಿರಬಾರದು. "12ರ ಬೆಳಗಿನ ಜಾವ ಬರುತ್ತೇವೆ, ರೂಮು ಇಟ್ಟಿರಿ" ಎಂದು ಹೇಳದಿದ್ದರೆ ರಾತ್ರಿ ಯಾರೂ ಬರಲಿಲ್ಲವೆಂದು ಬರೆದುಕೊಂಡು ಬೇರೆಯವರಿಗೆ ಕೊಟ್ಟುಬಿಡುತ್ತಾರೆ.

ಜಾಗದ ವಿಷಯದಲ್ಲಿ ಮೆಜೆಸ್ಟಿಕ್ಕೇ ಆಗಬೇಕೆಂಬ ಹಟ ನನಗಿಲ್ಲ. ನಮ್ಮ ಬಸ್ಸುಗಳು ತುಮಕೂರು ರಸ್ತೆಯಿಂದ ಒಳಗೆ ಬರುತ್ತವೆ, ಹಸಿರು ಮೆಟ್ರೊ ಮಾರ್ಗ ಅದೇ ರಸ್ತೆಯ ಪಕ್ಕದಲ್ಲಿ ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಗೊರಗುಂಟೆಪಾಳ್ಯ, ಯಶವಂತಪುರ ದಾಟಿ ಮೆಜೆಸ್ಟಿಕ್ಕಿಗೆ ಹೋಗುತ್ತದೆ. ಬಸ್ಸು ತಡವಾಗಿ ಎಂಟು ಗಂಟೆಯಾಗಿದ್ದರೆ ಜಾಲಹಳ್ಳಿಯಲ್ಲೇ ಇಳಿದು ಮೆಟ್ರೊ ಹಿಡಿಯುವುದು ಜಾಣತನ. ಭಾನುವಾರ ಬೆಳಗಿನ ಮೊದಲ ಮೆಟ್ರೊ ತಡ, ಅದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೆಲಸ ಮಲ್ಲೇಶ್ವರದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಚೇರಿಯಲ್ಲಾದರೆ ಯಶವಂತಪುರದ ರೂಮು ಸಾಕು. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೊ ಮೂರೂ ಆಸ್ಪತ್ರೆಗಳು ಕೃಷ್ಣರಾಜ ಮಾರುಕಟ್ಟೆ ನಿಲ್ದಾಣದ ಹತ್ತಿರ. ಮೆಜೆಸ್ಟಿಕ್ಕಿನಿಂದ ಎರಡೇ ನಿಲ್ದಾಣ. ಹೈಕೋರ್ಟು, ವಿಧಾನಸೌಧಕ್ಕೆ ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಗಬೇಕು. ಜಯದೇವ ಹೃದ್ರೋಗ ಆಸ್ಪತ್ರೆಗಾದರೆ ಮೊದಲೆಲ್ಲ ಬನ್ನೇರುಘಟ್ಟ ರಸ್ತೆಯ ಕಡೆಯೇ ರೂಮು ನೋಡುತ್ತಿದ್ದೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಬದಲಾದರೆ ಜಯದೇವದ ಹೆಸರಿನ ನಿಲ್ದಾಣದಲ್ಲೇ ಇಳಿಯಬಹುದು. ಬೊಮ್ಮಸಂದ್ರದ ನಾರಾಯಣ ಹೃದಯಾಲಯದ ಕಡೆಗೂ ಅದೇ ಮಾರ್ಗ. ಹಾಗಾಗಿ ಜಯನಗರದ ರೂಮು ಈಗ ಎರಡೂ ಕಡೆಗೆ ಒದಗುತ್ತದೆ. ನಿಮ್ಹಾನ್ಸ್ ಮತ್ತು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಅಕ್ಕಪಕ್ಕದಲ್ಲಿವೆ, ಹಸಿರು ಮಾರ್ಗದಿಂದ ದೂರ. ಲಾಲ್‌ಬಾಗ್ ನಿಲ್ದಾಣದಲ್ಲಿಳಿದು ಆಟೊ ಹಿಡಿಯಬೇಕು. ನಡೆಯಲಾಗದ ರೋಗಿ ಜೊತೆಗಿದ್ದರೆ ನೂರಿನ್ನೂರು ಹೆಚ್ಚಾದರೂ ಆಸ್ಪತ್ರೆಯ ಬಗಲಿನ ವಿಲ್ಸನ್ ಗಾರ್ಡನ್ ಕಡೆ ಹಿಡಿಯುತ್ತೇನೆ. ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆಯೂ ಇದೆ. ವಾರಗಟ್ಟಲೆ ಚಿಕಿತ್ಸೆಯಾದರೆ ಮೊದಲು ಅಲ್ಲಿ ವಿಚಾರಿಸಬೇಕು.

ಫೋನಿನಲ್ಲಿ ಕೇಳುವ ಪ್ರಶ್ನೆಗಳಲ್ಲಿ ಬಿಸಿನೀರಿನದು ದೊಡ್ಡದು. ಬಚ್ಚಲ ಹಂಡೆಯಲ್ಲಿ ಸದಾ ಬಿಸಿನೀರಿರುವ ಮನೆಗಳಿಂದ ಹೋಗುವ ನಮಗೆ "ಬಿಸಿನೀರು ಇದೆ" ಎಂಬ ಉತ್ತರ ಸಾಲದು. ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ ಎಂದು ಕೇಳಬೇಕು. ಸೋಲಾರ್ ಇರುವ ಕಡೆ ಆರಕ್ಕೆ ಬಿಟ್ಟು ಒಂಬತ್ತಕ್ಕೆ ನಿಲ್ಲಿಸುವುದುಂಟು, ಐದಕ್ಕೆ ಹೋದವರಿಗೆ ತಣ್ಣೀರೇ ಗತಿ. ರೂಮಿನಲ್ಲೇ ಗೀಸರ್ ಇದ್ದರೆ ಎಷ್ಟು ಲೀಟರಿನದು ಎಂದು ಕೇಳುತ್ತೇನೆ. 15 ಲೀಟರಿನ, 2 ಕಿಲೋವ್ಯಾಟಿನ ಗೀಸರ್ ಕಾಯಲು ಸುಮಾರು 20 ನಿಮಿಷ ಬೇಕು, ತಣ್ಣೀರು ಬೆರೆಸಿದರೆ ಎರಡು ಸಣ್ಣ ಬಕೆಟ್ ಆಗುತ್ತದೆ. ನಾಲ್ಕು ಜನ ಸ್ನಾನ ಮಾಡಿ ಏಳೂವರೆಗೆ ಹೊರಡಬೇಕಾದರೆ ರೂಮಿಗೆ ಕಾಲಿಟ್ಟ ಕೂಡಲೇ ಸ್ವಿಚ್ ಹಾಕಬೇಕು, ಒಬ್ಬೊಬ್ಬರ ನಡುವೆ ಬಿಡುವು ಕೊಡಬೇಕು. ಬೋರ್‌ವೆಲ್ ನೀರಿನ ಕಡೆ ಸೋಪು ನೊರೆ ಬರುವುದಿಲ್ಲ. ನೀರಿನಲ್ಲಿ ಸುಣ್ಣದಂಶ ಜಾಸ್ತಿ, ನಮ್ಮ ತೋಟದ ಬಾವಿಯ ಮೆದು ನೀರಿಗೆ ಒಗ್ಗಿದ ಕೂದಲು ಒಂದೇ ದಿನಕ್ಕೆ ಒರಟಾಗುತ್ತದೆ.

ವಯಸ್ಸಾದವರಿದ್ದರೆ ಲಿಫ್ಟ್ ಇದೆಯೇ ಎಂಬುದರ ಜೊತೆಗೆ ಕರೆಂಟು ಹೋದಾಗ ಲಿಫ್ಟ್ ಜನರೇಟರಿನಲ್ಲಿ ಓಡುತ್ತದೆಯೇ ಎಂದೂ ಕೇಳಿ. ಲೈಟು ಮತ್ತು ಫ್ಯಾನಿಗೆ ಮಾತ್ರ ಯುಪಿಎಸ್ ಇರುವ ಕಟ್ಟಡಗಳಿವೆ. ಲಿಫ್ಟ್ ಇಲ್ಲದಿದ್ದರೆ ನೆಲಮಹಡಿ ಅಥವಾ ಮೊದಲ ಮಹಡಿಯೇ ಆಗಬೇಕು. ಕಮೋಡ್ ಇರಬೇಕು, ಬಚ್ಚಲಿಗೆ ಮೆಟ್ಟಿಲು ಎಷ್ಟೆತ್ತರ ಎಂಬುದನ್ನೂ ತಿಳಿದುಕೊಳ್ಳಬೇಕು. ಗಾಲಿಕುರ್ಚಿ ಸಾಮಾನ್ಯವಾಗಿ 24ರಿಂದ 26 ಇಂಚು ಅಗಲ, ಎರಡಡಿಯ ಬಚ್ಚಲ ಬಾಗಿಲಲ್ಲಿ ಅದು ಹೋಗುವುದಿಲ್ಲ. ಬಾಗಿಲಿನ ಅಳತೆ ಹಿಡಿದು ವಾಟ್ಸಾಪಿನಲ್ಲಿ ಫೋಟೊ ಕಳಿಸಿ ಎಂದರೆ ಒಳ್ಳೆಯ ಮ್ಯಾನೇಜರು ಕಳಿಸುತ್ತಾರೆ. ಕಳಿಸಲು ಗೊಣಗುವ ಕಡೆ ಹಿಡಿಯದಿರುವುದೇ ಲೇಸು. ಸ್ವಂತ ಗಾಡಿಯಲ್ಲಿ ಹೋಗುವುದಾದರೆ ಗಾಂಧಿನಗರವನ್ನೇ ಬಿಡಿ. ಪಾರ್ಕಿಂಗ್ ಇದೆ ಎಂದರೂ ಅದು ಎರಡು ಕಾರಿನ ಜಾಗವಾಗಿರಬಹುದು.

ವಿಮರ್ಶೆಗಳನ್ನು ಓದುವಾಗ ಸರಾಸರಿ ನಕ್ಷತ್ರಕ್ಕಿಂತ ಕಳೆದ ಎರಡು ಮೂರು ತಿಂಗಳ ಎರಡು, ಮೂರು ನಕ್ಷತ್ರದ ಬರಹಗಳಲ್ಲಿ ಹುರುಳಿರುತ್ತದೆ. ನೀರು, ತಿಗಣೆ, ಶಬ್ದ, ಈ ಮೂರರಲ್ಲಿ ಯಾವುದಾದರೂ ಇಬ್ಬರು ಬೇರೆ ಬೇರೆಯವರ ಬಾಯಲ್ಲಿ ಬಂದರೆ ಆ ಹೋಟೆಲು ಬೇಡ. ಅಂತರ್ಜಾಲದಲ್ಲಿ ಕಂಡ ನಂಬರಿಗೆ ಕರೆ ಮಾಡಿದ ಕೂಡಲೇ ಕ್ಯೂಆರ್ ಕಳಿಸಿ ಪೂರ್ತಿ ಹಣ ಕೇಳಿದರೆ ಫೋನಿಟ್ಟುಬಿಡಿ. ಹೋಟೆಲಿನ ಹೆಸರಿನಲ್ಲಿ ನಕಲಿ ನಂಬರು ಹಾಕಿ ಹಣ ಹೊಡೆಯುವವರಿದ್ದಾರೆ. ಆಸ್ಪತ್ರೆಯ ತಾರೀಖು ಮುಂದೆ ಹೋಗುವುದು ಸಾಮಾನ್ಯವಾದ್ದರಿಂದ ಅಲ್ಲೇ ಹೋಗಿ ಹಣ ಕೊಡುವ, ಇಲ್ಲವೇ ರದ್ದು ಮಾಡಿದರೆ ವಾಪಸ್ ಕೊಡುವ ರೂಮೇ ನನ್ನ ಆಯ್ಕೆ. ಬಾಡಿಗೆಯ ಮೇಲಿನ ತೆರಿಗೆಯನ್ನೂ ಸೇರಿಸಿ ಕೇಳಬೇಕು: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5. ಇನ್ನೂ ಶೇ. 12 ಹಾಕಿದ ಬಿಲ್ಲು ಕೊಟ್ಟರೆ ಕೇಳುವ ಹಕ್ಕು ನಮಗಿದೆ.

ಗುರುತಿನ ಚೀಟಿ ದೊಡ್ಡವರೆಲ್ಲರದ್ದೂ ಬೇಕು. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇಲ್ಲವೆಂದು ಒಪ್ಪುವುದಿಲ್ಲ. ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಇಳಿಸಿಕೊಂಡು ಅದರ ಪ್ರತಿಯನ್ನೇ ಕೊಡಿ. ರಸೀದಿಯಲ್ಲಿ ಒಳಬಂದ ಗಂಟೆಯನ್ನು ಬರೆಸಿಕೊಳ್ಳುವುದನ್ನು ಮರೆಯಬಾರದು, 24 ಗಂಟೆಯ ಲೆಕ್ಕಕ್ಕೆ ಅದೊಂದೇ ಆಧಾರ. ಒಂದು ಗಂಟೆ ಮೀರಿದರೆ ಅರ್ಧ ದಿನವೋ ಪೂರ್ತಿ ದಿನವೋ ಎಂಬುದೂ ಆಗಲೇ ಇತ್ಯರ್ಥವಾಗಲಿ.

ಹಣ ಕೊಡುವ ಮುಂಚೆ ರೂಮು ನೋಡುತ್ತೇನೆ. ಬಾಗಿಲು ತೆರೆದ ತಕ್ಷಣ ಮುಗ್ಗಲು ವಾಸನೆ ಬಂದರೆ, ಮಲೆನಾಡಿನ ಮೂಗಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಿಟಕಿ ಬಹುಶಃ ಕಟ್ಟಡದ ನಡುವಿನ ಇಕ್ಕಟ್ಟಾದ ಗಾಳಿಗುಂಡಿಯ ಕಡೆಗೆ ತೆರೆಯುತ್ತದೆಂದು ಅರ್ಥ. ಬೇರೆ ರೂಮು ಕೇಳಿ. ರಸ್ತೆಗೆ ಮುಖ ಮಾಡಿದ ರೂಮಿಗಿಂತ ಹಿಂಬದಿಯದು ನಿದ್ದೆಗೆ ಒಳ್ಳೆಯದು, ಕೆಳಗೆ ಬಾರ್ ಇದೆಯೇ ಎಂಬುದನ್ನು ಬೀದಿಯಲ್ಲೇ ನೋಡಿಕೊಂಡಿರಬೇಕು. ಹಾಸಿಗೆಯ ತಲೆದಿಸೆಯ ಮೂಲೆ ಎತ್ತಿ ಹೊಲಿಗೆಯ ಗುಂಟ ಮೊಬೈಲ್ ಟಾರ್ಚ್ ಹಿಡಿಯುತ್ತೇನೆ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳ ಸಾಲು ಕಂಡರೆ ತಿಗಣೆ ಇದೆ. ಆಗ ಪಕ್ಕದ ರೂಮೂ ಬೇಡ, ಅವು ಗೋಡೆಯ ಬಿರುಕು ಮತ್ತು ವೈರಿನ ಪೈಪಿನಲ್ಲಿ ಅತ್ತಿತ್ತ ಓಡಾಡುತ್ತವೆ. ನೋಡಿ ಮುಗಿಯುವವರೆಗೂ ಬ್ಯಾಗನ್ನು ಬಚ್ಚಲ ಟೈಲ್ಸ್ ಮೇಲಿಡಿ, ಮಂಚದ ಮೇಲೆ ಬೇಡ.

ಅನುಮಾನ ಉಳಿದರೆ ಊರಿಗೆ ಬಂದ ಮೇಲೆ ಬ್ಯಾಗನ್ನು ಒಳಗೆ ತರದೆ ಜಗಲಿಯಲ್ಲೇ ಬಿಡಬೇಕು. ತಿಗಣೆ ಸಾಯಲು 50 ಡಿಗ್ರಿಯ ಹತ್ತಿರದ ಶಾಖ ಬೇಕು. ಬೇಸಿಗೆಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಡಿಕೆ ಅಂಗಳದ ಬಿಸಿಲಿಗೆ ಮೂರು ನಾಲ್ಕು ದಿನ ಇಟ್ಟರೆ ಬಹುಮಟ್ಟಿಗೆ ಆಗುತ್ತದೆ, ಮಡಿಕೆಯೊಳಗೂ ಶಾಖ ತಾಗುವಂತೆ ಆಗಾಗ ತಿರುವಬೇಕು. ಮಳೆಗಾಲದಲ್ಲಿ ಆ ದಾರಿ ಇಲ್ಲ. ಬಟ್ಟೆಗಳನ್ನೆಲ್ಲ ಹಂಡೆಯ ಕುದಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆಯುವುದು, ಬ್ಯಾಗಿನ ಹೊಲಿಗೆಗಳ ಮೇಲೆ ಅದೇ ನೀರು ಸುರಿಯುವುದು.